ಉಳಿದ ಅರ್ಧದ ಬಾಬ್ತು

ಮೂಂಟಾ, ದಕ್ಷಿಣ ಆಸ್ಟ್ರೇಲಿಯಾ
ಭಾನುವಾರ, ೨೫ ನವೆಂಬರ್ ೨೦೧೮

ಪ್ರಿಯ ಬ್ರಿಡಿ,

ನಿನ್ನೆ ಮಧ್ಯಾಹ್ನ ಚರ್ಚಿನ ಸಭಾಂಗಣದಲ್ಲಿ ನೆರೆದವರೆದುರು ನಾನು ಎದ್ದು ನಿಂತು ಮೊದಲು ಅವರಿಗೆ ಧನ್ಯವಾದ ಹೇಳಿದೆ. ಅನಂತರ ಅವರ ಅನುಕಂಪ ನನಗೆ ಬೇಡವೆಂದೆ. ಈ ಎರಡನೆಯ ಮಾತು ಈಗಾಗಲೇ ಮೂರು ಕಡೆಯಿಂದಾದರೂ ನಿನ್ನನ್ನು ತಲುಪಿರುತ್ತದೆ. ಮೊದಲನೆಯದನ್ನು ಯಾರೂ ಹೇಳಿರಲಾರರು. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ನಿನ್ನ ಪತ್ರಕ್ಕೆ ಉತ್ತರಿಸಲು ಐದು ವಾರ ತಡಮಾಡಿದ್ದೇನೆ. ಕ್ಷಮಿಸು. ನೀನು ಕೇಳಿದ್ದು ಒಂದೇ ಸಾಲು: “ಅಪ್ಪ, ಉಳಿದ ದಾರಿ ನಾನು ಓಡಿಸ್ತೀನಿ, ಸಹಿ ಹಾಕ್ತೀಯಾ?” ಒಂದು ಫೋನ್ ಮಾಡಿ ಹೌದು ಅಥವಾ ಇಲ್ಲ ಎಂದಿದ್ದರೆ ಸಾಕಿತ್ತು ಎಂದು ನೀನು ಅಂದುಕೊಂಡಿರಬಹುದು. ಆದರೆ ಫೋನಿನಲ್ಲಿ ನನ್ನ ವಾಕ್ಯ ಮುಗಿಯುವ ಮೊದಲೇ ನೀನು “ಸರಿ ಬಿಡಪ್ಪ” ಎಂದುಬಿಡುತ್ತೀಯ. ಕಾಗದವು ಕೊನೆಯವರೆಗೆ ಕೇಳಿಸಿಕೊಳ್ಳುತ್ತದೆ.

ಇಲ್ಲಿ ಊಟ, ನಿದ್ದೆ ಕ್ರಮವಾಗಿ ನಡೆದಿವೆ. ಉತ್ತರದ ಗಾಳಿ ಮೂರು ದಿನ ಬೀಸಿ ಟೊಮೇಟೊ ಗಿಡಗಳನ್ನು ಸುಟ್ಟುಹಾಕಿತು. ಕೊಲ್ಲಿಯಲ್ಲಿ ನೀಲಿ ಏಡಿ ಬಂದಿವೆ. ನಿನ್ನ ಮೆರ್ಲ್ ಅತ್ತೆ ಮೊಣಕಾಲುದ್ದ ನೀರಿನಲ್ಲಿ ಕುಂಟೆ ಹಿಡಿದು ನಿಂತು ಬಕೆಟ್ ತುಂಬಾ ಎಳೆದು ತಂದಳು, ಅರ್ಧವನ್ನು ನನ್ನ ಫ್ರಿಜ್ಜಿನಲ್ಲಿ ತುರುಕಿ, “ತಿನ್ನು, ಇಲ್ಲಾಂದ್ರೆ ನಾಯಿಗೆ ಹಾಕು, ನನಗೇನೂ ಬೇಜಾರಿಲ್ಲ,” ಎಂದು ಹೋದಳು. ನಾನು ತಿಂದೆ. ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ನಲವತ್ತೆರಡು ಡಿಗ್ರಿ ಎಂದು ರೇಡಿಯೊ ಹೇಳಿತು. ಆ ಗ್ಯಾರೇಜಿನ ತಗಡಿನ ಕೆಳಗೆ ಕೆಲಸ ಮಾಡುವವಳು ನೀರು ಕುಡಿಯುವುದನ್ನು ಮರೆಯಬಾರದು.

ಇನ್ನು ಸಭೆಯ ವಿಷಯ.

ಮಿಸೆಸ್ ಪೆಂಗಿಲಿ ಮತ್ತು ಅವರ ಗೆಳತಿಯರು ಬೆಳಕು ಹರಿಯುವ ಮೊದಲೇ ಸಭಾಂಗಣದ ಅಡುಗೆಮನೆ ಸೇರಿ, ನೂರಾರು ಪೇಸ್ಟಿಗಳ ಹಿಟ್ಟಿಗೆ ಮಾಂಸ, ಗೆಡ್ಡೆ ತುಂಬಿ, ಕಡುಬಿನಂತೆ ಮಡಚಿ, ಬೇಯಿಸಿದ್ದರು. ಊರು ಯಾವುದಕ್ಕೇ ಹಣ ಕೂಡಿಸಬೇಕಾದರೂ ಹೀಗೆಯೇ ಅಲ್ಲವೇ. ಚರ್ಚಿನ ಚಾವಣಿಗೂ ಇದೇ ಪೇಸ್ಟಿ, ನನ್ನ ಮಗ ಆಂಗಸ್‌ಗೂ ಇದೇ ಪೇಸ್ಟಿ. ಮೆರ್ಲ್ ಒಂದನ್ನು ಮುರಿದು ನೋಡಿ, ಎಲ್ಲರಿಗೂ ಕೇಳುವಂತೆ, “ಗೆಡ್ಡೆ ಕಮ್ಮಿ ಹಾಕಿದಾರೆ. ಸತ್ತೋರ ಹೆಸರಲ್ಲೂ ಉಳಿತಾಯ!” ಎಂದಳು.

“ಗೆಡ್ಡೆ ಬೆಲೆ ಎಷ್ಟಾಗಿದೆ ಗೊತ್ತೇನೇ ನಿಂಗೆ? ಬಾಯಿ ಮುಚ್ಕೊಂಡು ತಿನ್ನು,” ಎಂದರು ಮಿಸೆಸ್ ಪೆಂಗಿಲಿ.

ಮೋಟಾರ್‌ಸೈಕಲ್ ಸಂಘದ ಅಧ್ಯಕ್ಷನಾಗಿ ಟ್ರೆವರ್ ರಾಡ್ಡ ವೇದಿಕೆ ಹತ್ತಿದ. ನಾನು ಏಳುವುದನ್ನು ಕಂಡು ಕೈ ಅಡ್ಡ ಹಿಡಿದ. “ಕೂತ್ಕೊಳೋ ಡೆಸ್. ಕಾಲೇಜಲ್ಲಿ ಚರ್ಚಾಸ್ಪರ್ಧೆಲಿ ಗೆದ್ದ ಕಪ್ಪು ನಿಮ್ಮನೆ ಕಪಾಟಲ್ಲಿ ಇನ್ನೂ ಹೊಳೀತಿದೆ, ನಮಗೂ ಗೊತ್ತು. ಜೀವನಪೂರ್ತಿ ನೀನು ಮಾತಾಡಿದೀಯ, ನಾವು ಕೇಳಿದೀವಿ. ಇವತ್ತು ನಮ್ ಸರದಿ.” ಜನ ನಕ್ಕರು. ನಾನು ಕುಳಿತೆ.

ಹದಿನಾಲ್ಕು ಸಾವಿರ ಡಾಲರ್ ಸೇರಿದೆಯೆಂದು ಅವನು ಘೋಷಿಸಿದ. ಆ ಹಣದಲ್ಲಿ, ಆಂಗಸ್ ಓಡಿಸಿದ್ದ ಬೈಕನ್ನು ಪಾಕಿಸ್ತಾನದ ಗಿಲ್ಗಿಟ್‌ನಿಂದ ಲಾರಿಯಲ್ಲಿ ಕರಾಚಿ ಬಂದರಿಗೆ, ಅಲ್ಲಿಂದ ಮರದ ಪೆಟ್ಟಿಗೆಯಲ್ಲಿ ಹಡಗೇರಿಸಿ ಅಡಿಲೇಡ್‌ಗೆ ತರುವುದು. ತಂದು ಸಂಘದ ಕೊಠಡಿಯ ಗೋಡೆಗೆ ಏರಿಸುವುದು. ಗೋಡೆಗೆ ಹಾಕುವ ಕಬ್ಬಿಣದ ಕೊಕ್ಕೆಗಳೂ ಸಿದ್ಧವಾಗಿದ್ದವು. ಅನಂತರ ಅವನು ಬಟ್ಟೆಯಲ್ಲಿ ಸುತ್ತಿದ್ದ ಹಿತ್ತಾಳೆಯ ಫಲಕವನ್ನು ಬಿಚ್ಚಿ ಎತ್ತಿ ಹಿಡಿದು ಓದಿದ: “ಆಂಗಸ್ ಟ್ರೆಲೋರ್ ಅವರ ಬೈಕು. ಪಯಣ ಇಲ್ಲಿಗೆ ಮುಗಿಯಿತು.”

ಹಲವರು ಕರವಸ್ತ್ರ ತೆಗೆದರು. ಮಿಸೆಸ್ ಪೆಂಗಿಲಿ ಮಾತ್ರ ಕೈ ಎತ್ತಿದರು.

“ಡೆಸ್ಮಂಡ್, ಕೇಳ್ತೀನಿ ಅಂತ ಬೇಜಾರಾಗ್ಬೇಡ. ಅಷ್ಟು ಖರ್ಚು ಮಾಡಿ ಯಾಕೆ ತರ್ಬೇಕು? ಅಲ್ಲೇ ಯಾರಾದ್ರೂ ಒಳ್ಳೆಯವರಿಗೆ ಕೊಟ್ಬಿಡಬಾರ್ದಾ?”

“ಆಗಲ್ಲ, ಮಿಸೆಸ್ ಪೆಂಗಿಲಿ. ಬೈಕಿನ ಜೊತೆ ಕಾರ್ನೆ ಅಂತ ಒಂದು ಪುಸ್ತಕ ಹೋಗುತ್ತೆ. ದೇಶದೊಳಕ್ಕೆ ಹೋದಾಗ ಒಂದು ಮುದ್ರೆ, ಹೊರಗೆ ಬಂದಾಗ ಒಂದು ಮುದ್ರೆ. ಹೊರಗೆ ಬಂದ ಮುದ್ರೆ ಬೀಳದೇ ಹೋದ್ರೆ ಅಲ್ಲೇ ಮಾರಿಕೊಂಡ್ವಿ ಅಂತ ಲೆಕ್ಕ. ಆಗ ನಾನು ಇಟ್ಟಿರೋ ಜಾಮೀನು ಸುಂಕಕ್ಕೆ ಹೋಗುತ್ತೆ.”

“ಎಷ್ಟು?”

“ಇಪ್ಪತ್ತೈದು ಸಾವಿರ. ಮನೆ ಮೇಲೆ. ಪುಸ್ತಕದ ಅವಧಿ ಏಪ್ರಿಲ್‌ವರೆಗೆ.”

“ಅಯ್ಯೋ ದೇವರೇ! ಆ ಬೈಕಿಗೆ ಐದು ಸಾವಿರಾನೂ ಹುಟ್ಟಲ್ವಲ್ಲೋ!” ಎಂದು ಹಿಂದಿನಿಂದ ಯಾರೋ ಕೂಗಿದರು.

ಆಗ ನಾನು ಎದ್ದೆ. ಈ ಸಲ ಟ್ರೆವರ್ ತಡೆಯಲಿಲ್ಲ.

ನಾನು ಹೇಳಿದ್ದು ಇಷ್ಟು. ನಿಮ್ಮ ಶ್ರಮಕ್ಕೆ, ನಿಮ್ಮ ಹಣಕ್ಕೆ, ನಿಮ್ಮ ಶನಿವಾರಕ್ಕೆ ನಾನು ಋಣಿ. ಇದನ್ನು ಶಿಷ್ಟಾಚಾರಕ್ಕಾಗಿ ಹೇಳುತ್ತಿಲ್ಲ. ಶಿಷ್ಟಾಚಾರಕ್ಕಾಗಿ ನಾನು ಏನನ್ನೂ ಹೇಳುವವನಲ್ಲ ಎಂದು ನಿಮಗೆ ಗೊತ್ತು. ಆದರೆ ಅನುಕಂಪವನ್ನು ಸ್ವೀಕರಿಸಲಾರೆ. ಸೆಪ್ಟೆಂಬರಿನಿಂದ ಈ ಊರಿನ ಪ್ರತಿ ಅಂಗಡಿಯಲ್ಲಿಯೂ ನನಗೆ ಒಂದೇ ವಾಕ್ಯ ಸಿಕ್ಕಿದೆ: ಇಷ್ಟಪಟ್ಟ ಕೆಲಸ ಮಾಡುತ್ತಲೇ ಹೋದ. ಇದು ಸತ್ಯವಲ್ಲ. ಆಂಗಸ್ ಬೈಕನ್ನು ರಸ್ತೆಯ ಬದಿಗೆ ನಿಲ್ಲಿಸಿ, ಕಲ್ಲಿನ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದಾಗ ಬೆಟ್ಟ ಜಾರಿತು. ಚಹಾ ಅವನಿಗೆ ಅಷ್ಟೇನೂ ಇಷ್ಟವಿರಲಿಲ್ಲ. ಬೈಕಿಗೆ ಒಂದು ಗೀರೂ ಬೀಳಲಿಲ್ಲ. ಇದರಲ್ಲಿ ಅರ್ಥ ಹುಡುಕಬೇಡಿ. ಹುಡುಕಿ ಸಿಕ್ಕಿದ್ದನ್ನು ನನಗೆ ತಂದು ಕೊಡಬೇಡಿ.

ಟ್ರೆವರ್ ಮೆಲ್ಲಗೆ, “ಅದೆಲ್ಲ ಇರ್ಲಿ ಡೆಸ್. ಆದ್ರೆ ಆಂಗಸ್ ಬೈಕು ಅಲ್ಲಿ ಪರದೇಶಿ ಥರ ನಿಂತಿರೋದು ನಮಗೆ ನೋಡಕ್ಕಾಗಲ್ಲ,” ಎಂದ.

“ಅದು ಆಂಗಸ್ ಬೈಕಲ್ಲ,” ಎಂದೆ.

ಅವನು ಫಲಕವನ್ನು ನೋಡಿದ, ನನ್ನನ್ನು ನೋಡಿದ. “ಮತ್ಯಾರ್ದು?”

ಇಲ್ಲಿ ನಾನು ಅವರಿಗೆ ಹೇಳಿದ್ದನ್ನು ನಿನಗೂ ಬರೆಯಬೇಕು. ನೀನು ಅಂದು ಆ ಮೇಜಿನ ಬಳಿಯೇ ಇದ್ದವಳು, ನಿಜ. ಆದರೆ ನಿನ್ನ ಪತ್ರವನ್ನು ಓದಿದರೆ, ನಿನಗೆ ಸೇರಿದ್ದನ್ನೇ ನೀನು ಭಿಕ್ಷೆಯಂತೆ ಕೇಳುತ್ತಿರುವೆಯೆಂದು ತೋರುತ್ತದೆ.

ಎರಡು ವರ್ಷದ ಹಿಂದೆ ನೀನೂ ಆಂಗಸ್ಸೂ ಅಡುಗೆಮನೆಯ ಮೇಜಿನ ಮೇಲೆ ಆಯವ್ಯಯದ ಹಾಳೆ ಹರಡಿದಿರಿ. ನಮ್ಮ ಮನೆಯ ಪದ್ಧತಿಯಂತೆ ನೀವು ಪ್ರಸ್ತಾಪದ ಪರ, ನಾನು ವಿರೋಧ, ಮೆರ್ಲ್ ತೀರ್ಪುಗಾರ್ತಿ. ನೇಪಾಳದಿಂದ, ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ನಮ್ಮ ಹಿರಿಯರು ಬಿಟ್ಟುಬಂದ ತವರದ ಗಣಿಯವರೆಗೆ, ಎರಡು ಬೈಕು. ಹಡಗಿನ ಬಾಡಿಗೆ, ವೀಸಾ, ಪೆಟ್ರೋಲು, ಟೈರು, ವಿಮೆ, ಊಟ, ಎಲ್ಲಕ್ಕೂ ಒಂದೊಂದು ಸಾಲು. ಅನಿರೀಕ್ಷಿತ ವೆಚ್ಚ ಎಂದು ಬರೆಯಬೇಕಾದಲ್ಲಿ ಆಂಗಸ್ “ಅಪ್ಪನ ಭಯ” ಎಂದು ಬರೆದು ಶೇಕಡಾ ಹತ್ತು ಇಟ್ಟಿದ್ದ. ನಾನು ಹದಿನೈದು ಮಾಡಿಸಿದೆ.

ನನ್ನ ವಾದ ನಿನಗೆ ನೆನಪಿರಬೇಕು. ನೀವು ತೋರಿಸಿದ ಹಣ ಎರಡು ಬೈಕಿಗೆ ಸಾಲದು. ಜಾಮೀನೂ ಎರಡು ಬೇಕಾಗುತ್ತದೆ, ಈ ಮನೆಯ ಮೇಲೆ ಎರಡು ಏಳುವುದಿಲ್ಲ. ಆದ್ದರಿಂದ ಪ್ರಸ್ತಾಪ ಬೀಳತಕ್ಕದ್ದು. ಆಂಗಸ್ ಪೆನ್ಸಿಲ್ ಕೆಳಗಿಟ್ಟ. ಆಗ ನೀನು, “ಹಾಗಾದ್ರೆ ಒಂದೇ ಬೈಕು. ಅರ್ಧ ದಾರಿ ಅವನು, ಅರ್ಧ ದಾರಿ ನಾನು,” ಎಂದೆ. ಮೆರ್ಲ್ ಮೇಜು ಗುದ್ದಿ, “ಮುಗೀತು! ಹುಡುಗಿ ಗೆದ್ಲು. ಡೆಸಿ, ಟೀ ಮಾಡೋ,” ಎಂದಳು.

ಅವನಿಗೆ ಬೆಟ್ಟ ಬೇಕಿತ್ತು, ನಿನಗೆ ಕಾರ್ನ್‌ವಾಲ್. ನೇಪಾಳದಿಂದ ಹಿಮಾಲಯದ ಕಣಿವೆ ಕಣಿವೆಯನ್ನೂ ಸುತ್ತಿ ಬರುವ ಮೊದಲ ಅರ್ಧ ಅವನದು. ಇಸ್ಲಾಮಾಬಾದ್‌ನಲ್ಲಿ ಬೀಗದ ಕೈ ನಿನಗೆ. ಅವನು ಗೋಧಿ ಕೊಯ್ಲಿನಲ್ಲಿ ದುಡಿದು, ತಲೆಗೂದಲನ್ನು ತಾನೇ ಕತ್ತರಿಸಿಕೊಂಡು, ಇಡೀ ವರ್ಷ ಯಾವನೋ ತಪ್ಪಿಸಿಕೊಂಡ ಕೈದಿಯಂತೆ ಓಡಾಡಿ ಉಳಿಸಿದ. ನೀನು ದೋಣಿ ಮಾರಿದೆ. ಇಬ್ಬರ ಹಣವೂ ಒಂದೇ ಖಾತೆಗೆ ಬಿತ್ತು, ಕಾರ್ನೆಯಲ್ಲಿ ಸವಾರರಾಗಿ ಇಬ್ಬರ ಹೆಸರೂ ಬಿತ್ತು. ಅಕ್ಟೋಬರಿಗೆ ಕಾದಿರಿಸಿದ್ದ ಟಿಕೆಟನ್ನೇ ಸೆಪ್ಟೆಂಬರಿಗೆ ಬದಲಿಸಿಕೊಂಡು ನೀನು ಅವನನ್ನು ಮನೆಗೆ ತರಲು ಹೋದೆ. ಆ ವಿಷಯ ನಾನು ಇಲ್ಲಿ ಹೆಚ್ಚು ಬರೆಯಲಾರೆ.

ಸಭೆಗೆ ನಾನು ಇದನ್ನೇ ಹೇಳಿದೆ: ಪುರಸಭೆಯ ಲೆಕ್ಕಾಧಿಕಾರಿಯಾಗಿದ್ದಷ್ಟು ಕಾಲ, ಹಣ ಉಳಿದಿರುವ ಕಾಮಗಾರಿಯನ್ನು ಮುಗಿದಿದೆ ಎಂದು ನಾನು ಒಮ್ಮೆಯೂ ಬರೆದವನಲ್ಲ. ಆ ಖಾತೆಯಲ್ಲಿ ಅರ್ಧ ಹಣವಿದೆ, ಆ ದಾರಿಯಲ್ಲಿ ಅರ್ಧ ದೂರವಿದೆ, ಆ ಬೈಕಿಗೆ ಇನ್ನೊಬ್ಬಳು ಸವಾರಳಿದ್ದಾಳೆ. ಫಲಕ ತಪ್ಪಾಗಿದೆ.

“ಕೆತ್ತಿಸೋಕೆ ನೂರೆಂಬತ್ತು ಡಾಲರ್ ಕೊಟ್ಟಿದೀನಿ,” ಎಂದ ಟ್ರೆವರ್.

“ಹಿಂದುಗಡೆ ಖಾಲಿ ಇದೆ,” ಎಂದಳು ಮೆರ್ಲ್. “ಮೀನುಗಾರಿಕೆ ಸಂಘಕ್ಕೆ ಮಾರು.”

ಕೂಡಿದ ಹಣವನ್ನು ಹಿಂದಿರುಗಿಸಬೇಕೆಂದು ನಾನು ಕೇಳಿಕೊಂಡೆ. ಪೇಸ್ಟಿ ತಿಂದವರಿಗೆ ಹಣ ವಾಪಸು ಕೊಡುವುದು ಹೇಗೆ, ಪೇಸ್ಟಿಯನ್ನೂ ವಾಪಸು ಕೇಳಬೇಕೇ ಎಂದು ದೊಡ್ಡ ಚರ್ಚೆ ಹುಟ್ಟಿತು. ಅದು ಅವರ ಸಮಸ್ಯೆ. ನಾನು ಟೋಪಿ ತೆಗೆದುಕೊಂಡು ಹೊರಟೆ.

ಮೆರ್ಲ್ ಹಿಂದೆಯೇ ಬಂದು ಚರ್ಚಿನ ಮೆಟ್ಟಿಲ ಮೇಲೆ ನನ್ನ ತೋಳು ಹಿಡಿದಳು. ಒಳಗೆ ನಗಿಸಿದವಳ ಮುಖ ಅದಾಗಿರಲಿಲ್ಲ.

“ಡೆಸಿ, ಒಳಗೆ ನೀನು ಹೇಳಿದ್ದೆಲ್ಲ ಸರಿ. ನಿನ್ನ ಲೆಕ್ಕ ಯಾವತ್ತೂ ಸರೀನೇ. ಈಗ ನನಗೊಂದು ಹೇಳು. ಒಬ್ಬನ್ನ ಮಣ್ಣು ಮಾಡಿ ಇನ್ನೂ ಹುಲ್ಲು ಹುಟ್ಟಿಲ್ಲ. ಇನ್ನೊಬ್ಬಳನ್ನ ಅದೇ ಬೈಕ್ ಮೇಲೆ, ಅದೇ ಬೆಟ್ಟದ ಕೆಳಗೆ ಕೂರಿಸ್ತೀಯೇನೋ?”

“ಅವಳು ಕೇಳಿದಾಳೆ.”

“ಚಿಕ್ಕೋಳಿದ್ದಾಗ ಗಣಿ ಬಾವಿ ಒಳಗೆ ಇಳೀತೀನಿ ಅಂತಾನೂ ಕೇಳಿದ್ಲು. ಇಳಿಸಿದ್ಯಾ? ಆ ಹಣ ತಗೋ. ಪೆಟ್ಟಿಗೆಲಿ ಹಾಕಿ ತರಿಸು. ಗೋಡೆ ಮೇಲಾದ್ರೂ ಹಾಕು, ಹಿತ್ತಲಲ್ಲಾದ್ರೂ ತುಕ್ಕು ಹಿಡೀಲಿ. ಹುಡುಗಿ ಬದುಕಿರ್ತಾಳೆ.”

ಬ್ರಿಡಿ, ಇದೇ ನಿಜವಾದ ವಾದ. ಈ ಐದು ವಾರ ನಾನು ಮಾಡಿದ್ದೂ ಅದನ್ನೇ: ಪ್ರತಿ ಸಂಜೆ ಒಂದು ಪಕ್ಷ ಕಟ್ಟಿಕೊಂಡು ನಿನ್ನನ್ನು ತಡೆಯುತ್ತಿದ್ದೆ, ಇನ್ನೊಂದು ಪಕ್ಷ ಕಟ್ಟಿಕೊಂಡು ಕಳುಹಿಸುತ್ತಿದ್ದೆ. ತಡೆಯುವ ಪಕ್ಷವೇ ಹೆಚ್ಚು ದಿನ ಗೆದ್ದಿತು. ಅದರ ವಾದಗಳು ಬಲವಾಗಿವೆ. ಬೆಟ್ಟ ಇನ್ನೂ ಅಲ್ಲಿಯೇ ಇದೆ. ನನಗೆ ಅರವತ್ತೆಂಟು. ನಿನ್ನ ಅಮ್ಮ ಇಲ್ಲ. ನಿನ್ನ ಅಣ್ಣ ಇಲ್ಲ.

ಆದರೆ ಕಳೆದ ಗುರುವಾರ ಗಿಲ್ಗಿಟ್‌ನಿಂದ ದೀದಾರ್ ಫೋನ್ ಮಾಡಿದ. ಅವನ ಅತಿಥಿಗೃಹದ ಕೊಟ್ಟಿಗೆಯಲ್ಲಿ ತಾನೇ ಬೈಕು ನಿಂತಿರುವುದು. ನಿನ್ನನ್ನು ಮಗಳಂತೆ ನೋಡಿಕೊಂಡನೆಂದು ನೀನು ಹೇಳಿದ್ದೆ. ಅದಕ್ಕಾಗಿ ಅವನಿಗೆ ವಂದನೆ ಹೇಳಿದೆ. ಅವನು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

“ಬೈಕಿಗೆ ಕೌದಿ ಹೊದಿಸಿದೀನಿ ಸಾಹೇಬ್ರೇ. ಇಲ್ಲಿ ಚಳಿ ಬಂತು. ಪ್ರತಿ ಶುಕ್ರವಾರ ಒಂದ್ಸಲ ಸ್ಟಾರ್ಟ್ ಮಾಡ್ತೀನಿ. ನನ್ನ ಹೆಂಡತಿ ಬೈತಾಳೆ, ಹಸುಗಿಂತ ಅದಕ್ಕೇ ಜಾಸ್ತಿ ಉಪಚಾರ ಅಂತ. ತಂಗಿ ಯಾವಾಗ ಬರ್ತಾರೆ?”

“ಬರುತ್ತಾಳೆ ಅಂತ ನಿನಗೆ ಯಾರು ಹೇಳಿದರು?” ಎಂದು ಕೇಳಿದೆ.

“ಆಂಗಸ್ ಭಾಯಿನೇ ಹೇಳಿದ್ರಲ್ಲ. ಬಂದ ಮೊದಲ್ನೇ ದಿನವೇ ಹೇಳಿದ್ರು: ನಾನು ಬರೀ ಗಾಡಿ ಇಲ್ಲಿವರೆಗೆ ತಲುಪಿಸೋಕೆ ಬಂದಿರೋನು. ಒಳ್ಳೆ ಡ್ರೈವರ್ ಮುಂದಿನ ತಿಂಗಳು ಬರ್ತಾಳೆ, ಅಂತ.”

ಅವನು ನಗುತ್ತಿದ್ದ. ನಾನೂ ನಕ್ಕೆನೆಂದು ನೆನಪು. ಅದು ಅವನ ಸಾಕ್ಷ್ಯ, ಬ್ರಿಡಿ. ಸತ್ತವನ ಪರವಾಗಿ ಊರಿನವರು ಹೇಳಿದ್ದಲ್ಲ, ಬದುಕಿದ್ದಾಗ ಅವನೇ ಹೇಳಿದ್ದು.

ಬ್ಯಾಂಕಿನ ಜಾಮೀನು ಮುಂದುವರಿಯಲು ತೊಡಕಿಲ್ಲ ಎಂದು ತಿಳಿದುಕೊಂಡಿದ್ದೇನೆ. ಕಾರ್ನೆ ಕೊಟ್ಟ ಅಡಿಲೇಡ್‌ನ ಕಚೇರಿಯ ಹೆಣ್ಣುಮಗಳು ಬಹಳ ತಾಳ್ಮೆಯಿಂದ ವಿವರಿಸಿದಳು: ಮುಖ್ಯ ಸವಾರ ಇಲ್ಲವಾದುದರಿಂದ, ಎರಡನೆಯ ಸವಾರಳು ಬೈಕನ್ನು ಮುಂದಕ್ಕೆ ಒಯ್ಯಲು ಜಾಮೀನುದಾರನ ಒಪ್ಪಿಗೆ ಸಾಕ್ಷಿಯ ಎದುರು ಸಹಿಯಾಗಬೇಕು. ಅದಿಲ್ಲದೆ ಯಾವ ಗಡಿಯಲ್ಲಿಯೂ ನಿನ್ನನ್ನು ಬಿಡುವುದಿಲ್ಲ. ಅಂದರೆ ಈ ಪ್ರಯಾಣವನ್ನು ನಿಲ್ಲಿಸಬಲ್ಲ ಮನುಷ್ಯ ಭೂಮಿಯ ಮೇಲೆ ಒಬ್ಬನೇ ಇದ್ದಾನೆ, ಅವನು ಈ ಪತ್ರವನ್ನು ಬರೆಯುತ್ತಿದ್ದಾನೆ.

ನೀನು ಎಲ್ಲಿದ್ದರೂ ದೇವರು ನಿನ್ನ ಬದಿಯಲ್ಲಿರಲಿ. ನಿನ್ನ ಕೈಗಳಿಗೆ ಶಕ್ತಿ, ನಿನ್ನ ನಿದ್ದೆಗೆ ನೆಮ್ಮದಿ ಬರಲಿ. ನಿನ್ನ ಅಮ್ಮನ ಪಾಲಿನ ಆಶೀರ್ವಾದವನ್ನೂ ನಾನೇ ಬರೆಯಬೇಕಾಗಿದೆ. ಅವಳಾದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ.

ನಿನ್ನ ಪ್ರೀತಿಯ ತಂದೆ,
ಡೆಸ್ಮಂಡ್ ಟ್ರೆಲೋರ್

ಮರುಟಿಪ್ಪಣಿ: ಮೇಲೆ ಬರೆಯಲಾಗದ್ದು ಒಂದಿದೆ.

ಆ ಐದು ವಾರಗಳಲ್ಲಿ ಮೊದಮೊದಲು ನಾನು ವಾದಿಸುತ್ತಿದ್ದುದು ನಿನ್ನ ವಿಷಯವನ್ನಲ್ಲ. ನಾನೇ ಹೋಗಬೇಕೆಂದಿದ್ದೆ. ನಾನು ಮೂವತ್ತು ವರ್ಷ ಬೈಕು ಓಡಿಸಿದವನು. ಗಿಲ್ಗಿಟ್‌ನಿಂದ ಗಡಿಯವರೆಗೆ ತಂದು ಆ ಒಂದು ಮುದ್ರೆ ಹಾಕಿಸಿದರೆ, ನಿನ್ನನ್ನು ಆ ಬೆಟ್ಟದ ಕೆಳಗೆ ಕಳುಹಿಸಬೇಕಾಗಿಲ್ಲ. ಪರವಾನಗಿ ನವೀಕರಿಸಲು ಪಕ್ಕದ ಕಡೀನಾ ಪೇಟೆಗೆ ಹೋದೆ. ಕಣ್ಣು ಪರೀಕ್ಷಿಸುವ ವೈದ್ಯೆ, ನಿನ್ನ ವಯಸ್ಸಿನವಳು, ಎದುರು ಕುಳಿತು, “ಮಿಸ್ಟರ್ ಟ್ರೆಲೋರ್, ನೇರವಾಗಿ ನನ್ನ ಮುಖ ನೋಡಿ. ಏನು ಕಾಣುತ್ತೆ?” ಎಂದಳು. “ನಿಮ್ಮ ಕಿವಿಗಳು ಬಹಳ ಚೆನ್ನಾಗಿ ಕಾಣುತ್ತವೆ,” ಎಂದೆ. ಅವಳು ನಕ್ಕಳು. ಅನಂತರ ನಗಲಿಲ್ಲ.

ನೋಟದ ನಡುಭಾಗ ಸವೆದುಹೋಗಿದೆಯಂತೆ, ಎರಡು ಕಣ್ಣಿನಲ್ಲಿಯೂ. ಅಂಚು ಉಳಿಯುತ್ತದೆ, ನಡುವೆ ಇರುವುದು ಹೋಗುತ್ತದೆ. ಪರವಾನಗಿಯನ್ನು ಅಂದೇ ಒಪ್ಪಿಸಿ ಬಸ್ಸಿನಲ್ಲಿ ಬಂದೆ. ಈ ಅಕ್ಷರಗಳು ಇಷ್ಟು ದಪ್ಪಗಿರುವುದೂ ಅದಕ್ಕೇ.

ದೀದಾರ್ ಕಳುಹಿಸಿದ, ಬೈಕಿನ ಪಕ್ಕ ನಿಂತ ಆಂಗಸ್‌ನ ಕೊನೆಯ ಚಿತ್ರವನ್ನು ನೀನು ದೊಡ್ಡದು ಮಾಡಿಸಿ ಕಳುಹಿಸಿದ್ದೆಯಲ್ಲ. ಅದನ್ನು ನೇರವಾಗಿ ನೋಡಿದರೆ ಬೆಟ್ಟ ಕಾಣುತ್ತದೆ, ಬೈಕು ಕಾಣುತ್ತದೆ, ಅವನ ಜಾಕೆಟ್ಟು, ಬೂಟು ಕಾಣುತ್ತವೆ. ಮುಖ ಇರುವುದಿಲ್ಲ. ಮುಖ ಬೇಕೆಂದರೆ ನಾನು ಬೆಟ್ಟದ ತುದಿಯನ್ನು ನೋಡುತ್ತಿರಬೇಕು. ಆಗ ಅವನು ಕಣ್ಣಂಚಿಗೆ ಬಂದು ಸ್ವಲ್ಪ ಹೊತ್ತು ನಿಲ್ಲುತ್ತಾನೆ. ತಿರುಗಿದರೆ ಹೋಗುತ್ತಾನೆ.

ಇದಕ್ಕೂ ಅನುಕಂಪ ಬೇಡ. ನಿನ್ನನ್ನು ಮನೆಯಲ್ಲಿ ಉಳಿಸಿಕೊಳ್ಳಲು ನನ್ನ ಬಳಿ ಇದ್ದ ಅತ್ಯಂತ ಬಲವಾದ ವಾದ ಇದು. ಇದನ್ನು ಹೂಡಿದ್ದರೆ ನಾನು ಗೆಲ್ಲುತ್ತಿದ್ದೆ ಎಂದು ನನಗೆ ಗೊತ್ತು. ಅದಕ್ಕಾಗಿಯೇ, ಸಹಿ ಬಿದ್ದು ಇನ್ನು ಬದಲಿಸಲಾಗದು ಎನ್ನುವವರೆಗೆ ಇದನ್ನು ನಿನಗೆ ತಿಳಿಸಲಿಲ್ಲ. ಮೆರ್ಲ್‌ಗೂ ಇನ್ನೂ ಗೊತ್ತಿಲ್ಲ. ನಾಳೆ ಹೇಳುತ್ತೇನೆ, ಅವಳು ಬಯ್ಯುತ್ತಾಳೆ, ಏಡಿ ಬಿಡಿಸಿ ಕೊಡುತ್ತಾಳೆ.

ಸಭೆ ಸೇರುವ ಹಿಂದಿನ ದಿನ, ಶುಕ್ರವಾರ, ಯಾರನ್ನೂ ಕೇಳದೆ ನಾನು ಒಪ್ಪಿಗೆಯ ಪತ್ರಕ್ಕೆ ಸಾಕ್ಷಿಯ ಎದುರು ಸಹಿ ಹಾಕಿದ್ದೇನೆ. ಅದು ಈ ಲಕೋಟೆಯಲ್ಲಿಯೇ ಇದೆ. ಷರತ್ತು ಯಾವುದೂ ಇಲ್ಲ, ಚರ್ಚೆಯೂ ಇಲ್ಲ. ಉಳಿದ ಅರ್ಧ ನಿನ್ನದು.

ಹೋಗಿ ಬಾ.